ಉಪವಾಸದ ತಟ್ಟೆಯಲ್ಲಿ ಏನಿರಬೇಕು?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ತಪಸ್ಸುಕಾಲ ಹತ್ತಿರ ಬಂತೆಂದರೆ ನಮ್ಮ ಕ್ರೈಸ್ತ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: "ಈ ಸಲ ಏನು ಬಿಡ್ತೀರಿ?" ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಕಾಫಿ ಬಿಡುತ್ತಾರೆ, ಕುಡಿತ ಬಿಡ್ತೀನಿ ಅಂತ ಮಾತು ಕೊಡುವ ಗಂಡಸರೂ ಇದ್ದಾರೆ. ಶ್ರಾವಣ ಬಂದರೆ ನಮ್ಮ ಸಂಘಗಳ ಹಿಂದೂ ಸದಸ್ಯರ ಮನೆಗಳಲ್ಲೂ ಇದೇ ಮಾತು. ಬಿಡುವುದರ ಬಗ್ಗೆ ನಾವೆಲ್ಲ ತುಂಬಾ ಮಾತಾಡುತ್ತೇವೆ. ಬಿಟ್ಟ ಮೇಲೆ ತಟ್ಟೆಯಲ್ಲಿ ಖಾಲಿಯಾದ ಜಾಗಕ್ಕೆ ಏನು ಬರಬೇಕು ಅನ್ನೋದನ್ನು ಕೇಳುವವರು ಕಡಿಮೆ. ಅನ್ನ, ತಿಳಿಸಾರು, ಉಪ್ಪಿನಕಾಯಿ ಇಷ್ಟರಲ್ಲೇ ಆರು ವಾರ ಕಳೆದರೆ ಅದನ್ನು ತ್ಯಾಗ ಅಂತ ಕರೆಯಬಹುದೇನೋ, ಊಟ ಅಂತ ಕರೆಯುವುದು ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಕಡೆ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ಬರೀ ಸಸ್ಯಮೂಲದ ಆಹಾರ ತಿನ್ನುವವರು ಕಾಣಸಿಗುತ್ತಾರೆ. ಅವರನ್ನು 'ವೀಗನ್' ಅಂತ ಕರೆಯುತ್ತಾರೆ. ಇದೇನೋ ಹೊಸ ಫ್ಯಾಷನ್ ಅಂತ ನಮ್ಮಲ್ಲಿ ಹಲವರು ನಗುವುದುಂಟು. ಆದರೆ ಪೂರ್ವ ದೇಶಗಳ ಕ್ರೈಸ್ತರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ವರ್ಷದ ದೊಡ್ಡ ಭಾಗವನ್ನು ಇದೇ ತರದ ಊಟದಲ್ಲಿ ಕಳೆಯುತ್ತಾ ಬಂದಿದ್ದಾರೆ. ಅವರ ಅಡುಗೆಮನೆಯಿಂದ ನಾವು ಕಲಿಯುವುದು ಬಹಳ ಇದೆ. ಈ ಪಾಠವನ್ನು ಬರೆಯಲು ಅದೇ ಕಾರಣ.

ಒಂದೇ ತಟ್ಟೆ, ಬೇರೆ ಬೇರೆ ಕಾರಣ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಉಪವಾಸ ಅಂದರೆ ಎಲ್ಲರಿಗೂ ಒಂದೇ ಅರ್ಥ ಇಲ್ಲ.

ಏಕಾದಶಿ ಮಾಡುವವರು ಅಕ್ಕಿ, ಗೋಧಿ, ಬೇಳೆ ಮುಟ್ಟುವುದಿಲ್ಲ. ಹಾಲು, ಹಣ್ಣು ತೆಗೆದುಕೊಳ್ಳುತ್ತಾರೆ. ಕಟ್ಟುನಿಟ್ಟಿನವರು ನೀರೂ ಕುಡಿಯುವುದಿಲ್ಲ. ಮಾಧ್ವ ಮನೆಗಳ ಚಾತುರ್ಮಾಸ್ಯ ಇನ್ನೂ ಸ್ವಾರಸ್ಯ: ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ತರಕಾರಿ ಸೊಪ್ಪು ಇಲ್ಲ, ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ಕೊನೆಯ ತಿಂಗಳು ದ್ವಿದಳ ಧಾನ್ಯ ಇಲ್ಲ. ಅಂದರೆ ಸಸ್ಯವನ್ನೇ ಬಿಡುವ ವ್ರತವೂ ಉಂಟು! ಜೈನರಲ್ಲಿ ಆಯಂಬಿಲ ಎಂಬ ವ್ರತವಿದೆ. ದಿನಕ್ಕೆ ಒಂದೇ ಹೊತ್ತು, ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಬೆಲ್ಲ, ಹಸಿ ತರಕಾರಿ ಯಾವುದೂ ಇಲ್ಲದೆ ಬೇಯಿಸಿದ ಧಾನ್ಯ, ಬೇಳೆ ಅಷ್ಟೇ. ಅವರ ಊಟದ ನಿಯಮಗಳ ಬುಡದಲ್ಲಿ ಅಹಿಂಸೆ ಇದೆ. ಮುಸ್ಲಿಂ ಸಹೋದರಿಯರ ರಂಜಾನ್ ಉಪವಾಸದಲ್ಲಿ ಲೆಕ್ಕ ಇರುವುದು ಹೊತ್ತಿನದು. ಬೆಳಗಿನ ಜಾವದಿಂದ ಸೂರ್ಯ ಮುಳುಗುವ ತನಕ ಅನ್ನ ನೀರು ಇಲ್ಲ, ಆಮೇಲೆ ಮಾಂಸಕ್ಕೆ ಅಡ್ಡಿ ಇಲ್ಲ.

ಕ್ರೈಸ್ತರು ಮಾಂಸ ಬಿಡುವುದು ಮಾಂಸ ಮೈಲಿಗೆ ಅಂತ ಅಲ್ಲ. ಇದನ್ನು ನಾವು ಒತ್ತಿ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಯಾರು ಏನು ತಿನ್ನುತ್ತಾರೆ ಅನ್ನೋದರ ಮೇಲೆ ಮೇಲು ಕೀಳು ಅಳೆಯುವ ಕೆಟ್ಟ ಅಭ್ಯಾಸ ಇದೆ, ನಮ್ಮ ಸಂಘಗಳ ದಲಿತ ಕುಟುಂಬಗಳು ಅದರ ನೋವು ತಿಂದಿವೆ. ಕೂಲಿ ಮಾಡಿ ಬಂದ ತಾಯಿ ವಾರಕ್ಕೊಮ್ಮೆ ಮಕ್ಕಳಿಗೆ ಮಾಂಸ ಬೇಯಿಸಿ ಹಾಕಿದರೆ ಅದರಲ್ಲಿ ಪಾಪವೂ ಇಲ್ಲ, ನಾಚಿಕೆಯೂ ಇಲ್ಲ. ಅದು ಒಳ್ಳೆಯ ಆಹಾರ. ಒಳ್ಳೆಯದಾದ್ದರಿಂದಲೇ ಅದನ್ನು ಕೆಲವು ದಿನ ಬಿಡುವುದಕ್ಕೆ ಬೆಲೆ. ಬೇಡವಾದದ್ದನ್ನು ಬಿಡುವುದು ತ್ಯಾಗ ಹೇಗಾಗುತ್ತದೆ?

ಪವಿತ್ರ ಬೈಬಲಿನಲ್ಲಿ ದಾನಿಯೇಲ ಮತ್ತು ಅವನ ಮೂವರು ಗೆಳೆಯರ ಕಥೆ ನಿಮಗೆ ಗೊತ್ತಿದೆ. ಬಾಬಿಲೋನಿನ ಅರಮನೆಯಲ್ಲಿ ರಾಜನ ಊಟ, ದ್ರಾಕ್ಷಾರಸ ಬೇಡವೆಂದು ಹೇಳಿ ಹತ್ತು ದಿನ ಬರೀ ಕಾಯಿಪಲ್ಯ, ನೀರು ತೆಗೆದುಕೊಂಡರು. ಹತ್ತು ದಿನದ ನಂತರ ರಾಜನ ಊಟ ಉಂಡವರಿಗಿಂತ ಇವರೇ ಮೈಕೈ ತುಂಬಿಕೊಂಡು ಕಂಡರು. 4ನೇ ಶತಮಾನದ ಸಂತ ಬಾಸಿಲರು ತಮ್ಮ ಪ್ರಬೋಧನೆಯಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಏದೆನ್ ತೋಟದಲ್ಲಿ ಪ್ರಾಣಿವಧೆಯೂ ಇರಲಿಲ್ಲ, ದ್ರಾಕ್ಷಾರಸವೂ ಇರಲಿಲ್ಲ, ಆದ್ದರಿಂದ ಉಪವಾಸ ಅಂದರೆ ಆ ತೋಟದ ಊಟವನ್ನು ನೆನೆಯುವುದು ಎಂಬರ್ಥದಲ್ಲಿ ಹೇಳಿದ್ದಾರೆ.

ಧರ್ಮಸಭೆಯ ನಿಯಮ ಎಷ್ಟು?

ಈ ಬಗ್ಗೆ ನಮ್ಮ ಜನರಲ್ಲಿ ಗೊಂದಲ ಇದೆ. ಹಳೆಯ ಕಾಲದಲ್ಲಿ, ಯೂರೋಪಿನಲ್ಲಿ ಕೂಡ, ತಪಸ್ಸುಕಾಲ ಪೂರ್ತಿ ಮಾಂಸದ ಜೊತೆ ಮೊಟ್ಟೆ, ಹಾಲು, ಬೆಣ್ಣೆ ಸಹ ನಿಷಿದ್ಧವಾಗಿತ್ತು. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸುವುದಿಲ್ಲವಲ್ಲ, ಕೂಡಿಬಿದ್ದ ಮೊಟ್ಟೆ ಈಸ್ಟರ್ ದಿನ ಊಟಕ್ಕೂ ಉಡುಗೊರೆಗೂ ಬಂತು. ಈಸ್ಟರ್ ಮೊಟ್ಟೆ ಬಂದ ದಾರಿಗಳಲ್ಲಿ ಇದೂ ಒಂದು. ನಂತರ ನಿಯಮ ಸಡಿಲವಾಗುತ್ತಾ ಬಂತು. 1966ರಲ್ಲಿ ಆರನೇ ಪೌಲ್ ಜಗದ್ಗುರುಗಳು ಹೊರಡಿಸಿದ ಆದೇಶದ ಪ್ರಕಾರ ಮಾಂಸ ವರ್ಜನೆಯ ದಿನ ಮಾಂಸ ಮಾತ್ರ ಇಲ್ಲ, ಹಾಲು ಮೊಟ್ಟೆಗೆ ತಡೆಯಿಲ್ಲ. ಮೀನಿಗೆ ಹಿಂದಿನಿಂದಲೂ ಅನುಮತಿ ಇದ್ದೇ ಇದೆ.

ಈಗ ನಡೆಯುತ್ತಿರುವ 1983ರ ಸಂಹಿತೆಯಲ್ಲಿ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನ ಉಪವಾಸವೂ ಮಾಂಸ ವರ್ಜನೆಯೂ ಇದೆ. ವರ್ಷದ ಶುಕ್ರವಾರಗಳೆಲ್ಲ ಪ್ರಾಯಶ್ಚಿತ್ತದ ದಿನಗಳೇ. ಆ ದಿನ ಮಾಂಸದ ಬದಲು ಬೇರೆ ಏನು ಬಿಡಬಹುದು, ಅಥವಾ ಯಾವ ದಾನಧರ್ಮ, ಪ್ರಾರ್ಥನೆ ಮಾಡಬಹುದು ಅಂತ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ತೀರ್ಮಾನಿಸಬಹುದು. ಮಾಂಸ ವರ್ಜನೆ 14 ವರ್ಷ ತುಂಬಿದವರಿಗೆ. ಉಪವಾಸ 18 ತುಂಬಿದವರಿಂದ 59 ತುಂಬುವ ತನಕ. ಉಪವಾಸ ಅಂದರೆ ಪೂರ್ತಿ ಖಾಲಿ ಹೊಟ್ಟೆ ಅಲ್ಲ, ಒಂದು ಹೊತ್ತು ಪೂರ್ತಿ ಊಟ, ಬೆಳಿಗ್ಗೆ ಸಂಜೆ ಸ್ವಲ್ಪ ಏನಾದರೂ. ನಮ್ಮ ಹಿರಿಯರು 'ಒಪ್ಪೊತ್ತು' ಅಂತ ಹೇಳುತ್ತಿದ್ದದ್ದು ಹೆಚ್ಚುಕಡಿಮೆ ಇದೇ.

ಇಲ್ಲೊಂದು ಮಾತು ಹೇಳಬೇಕು ಅನಿಸುತ್ತದೆ. ಮೀನಿಗೆ ಅನುಮತಿ ಇದೆ ಅಂತ ಶುಕ್ರವಾರ ಕೋಳಿಗಿಂತ ದುಬಾರಿಯ ಅಂಜಲ್ ಮೀನು ತಂದು ಮಸಾಲೆ ಹಾಕಿ ಹುರಿದು ತಿಂದರೆ ನಿಯಮ ಮುರಿದ ಹಾಗಾಗುವುದಿಲ್ಲ. ಉಪವಾಸ ಆಯಿತಾ ಅಂತ ಅವರವರೇ ಕೇಳಿಕೊಳ್ಳಬೇಕು.

ಇಥಿಯೋಪಿಯದ ಅಡುಗೆಮನೆ

ಆಫ್ರಿಕಾ ಖಂಡದ ಇಥಿಯೋಪಿಯದಲ್ಲಿ 4ನೇ ಶತಮಾನದಿಂದ ಕ್ರೈಸ್ತ ಧರ್ಮ ಇದೆ. ಅಲ್ಲಿನ ಆರ್ಥೊಡಾಕ್ಸ್ ಧರ್ಮಸಭೆಯ ಸದಸ್ಯರು ಕೋಟಿಗಟ್ಟಲೆ ಇದ್ದಾರೆ. ಅವರಿಗೆ ಹೆಚ್ಚುಕಡಿಮೆ ವರ್ಷವಿಡೀ ಬುಧವಾರ, ಶುಕ್ರವಾರ ಉಪವಾಸ. ಈಸ್ಟರಿಗೆ ಮೊದಲು 55 ದಿನ, ಇದಲ್ಲದೆ ಕ್ರಿಸ್ಮಸ್ಸಿಗೆ ಮೊದಲು, ಮಾತೆ ಮರಿಯಮ್ಮನವರ ಹೆಸರಿನಲ್ಲಿ, ಹೀಗೆ ಕೂಡಿಸುತ್ತಾ ಹೋದರೆ ಸಾಮಾನ್ಯ ಜನರಿಗೇ ವರ್ಷಕ್ಕೆ ಸುಮಾರು 180 ದಿನ. ಗುರುಗಳು, ಸನ್ಯಾಸಿಗಳಿಗೆ 250ರ ತನಕ ಹೋಗುತ್ತದೆ. ಈ ದಿನಗಳಲ್ಲಿ ಮಧ್ಯಾಹ್ನದ ತನಕ, ಕೆಲವೊಮ್ಮೆ ಮೂರು ಗಂಟೆಯ ತನಕ ಏನೂ ತಿನ್ನುವುದಿಲ್ಲ. ಆಮೇಲೆ ತಿನ್ನುವ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ, ತುಪ್ಪ ಯಾವುದೂ ಇಲ್ಲ. ಮೀನಿನ ವಿಷಯದಲ್ಲಿ ಎಲ್ಲರ ಪದ್ಧತಿ ಒಂದೇ ಇಲ್ಲ, ಬಹಳ ಜನ ಅದನ್ನೂ ಬಿಡುತ್ತಾರೆ.

ಈ ಮಾತು ಕೇಳಿದ ಕೂಡಲೇ "ಪಾಪ, ಏನು ತಿಂತಾರೆ?" ಅನಿಸಬಹುದು. ಉತ್ತರ ಕೇಳಿದರೆ ಬಾಯಲ್ಲಿ ನೀರು ಬರುತ್ತದೆ. ಅವರ ಮುಖ್ಯ ಆಹಾರ ಇಂಜೆರ. ಟೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ಹೊಯ್ಯುವ ದೊಡ್ಡ ದೋಸೆ. ಅದರ ಮೇಲೆ ಚನ್ನಂಗಿಬೇಳೆಯ ಖಾರದ ಗೊಜ್ಜು, ಹುರಿದ ಕಡಲೆ ಅಥವಾ ಬಟಾಣಿ ಹಿಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಹಾಕಿ ಕುದಿಸಿದ ಶಿರೋ, ಸೊಪ್ಪಿನ ಪಲ್ಯ, ಕೋಸು ಆಲೂಗಡ್ಡೆ ಪಲ್ಯ. ಹೋಟೆಲುಗಳಲ್ಲಿ 'ಉಪವಾಸದ ಊಟ' ಅಂತ ಕೇಳಿದರೆ ಇವನ್ನೆಲ್ಲ ಒಂದೇ ಇಂಜೆರದ ಮೇಲೆ ಗುಪ್ಪೆ ಗುಪ್ಪೆಯಾಗಿ ಬಡಿಸಿ ತರುತ್ತಾರೆ. ಒಂದೇ ತಟ್ಟೆಗೆ ಮನೆಮಂದಿ ಕೈ ಹಾಕಿ ತಿನ್ನುವುದು ಪದ್ಧತಿ.

ನಮ್ಮ ರೈತ ಮಹಿಳೆಯರಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಇನ್ನೊಂದಿದೆ. ತುಪ್ಪ ಬೆಣ್ಣೆ ಇಲ್ಲದ ಆ ದಿನಗಳಲ್ಲಿ ಅವರು ಬಳಸುವ ಎಣ್ಣೆಗಳಲ್ಲಿ ಮುಖ್ಯವಾದದ್ದು 'ನೂಗ್' ಎಣ್ಣೆ. ನೂಗ್ ಅಂದರೆ ಬೇರೇನಲ್ಲ, ನಮ್ಮ ಹುಚ್ಚೆಳ್ಳು! ಉತ್ತರ ಕರ್ನಾಟಕದವರು ಗುರೆಳ್ಳು ಅಂತಾರೆ. ಈ ಬೆಳೆಯ ತವರೇ ಇಥಿಯೋಪಿಯ. ರಾಗಿ ಕೂಡ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಸಾವಿರಾರು ವರ್ಷ ಹಿಂದೆ ನಮ್ಮಲ್ಲಿಗೆ ಬಂದ ಧಾನ್ಯ. ಅಗಸೆ ಬೀಜವನ್ನು ಹುರಿದು ಪುಡಿ ಮಾಡಿ ನೀರಿಗೆ ಕಲಸಿ ಅವರು ಉಪವಾಸದಲ್ಲಿ ಕುಡಿಯುತ್ತಾರೆ, ನಮ್ಮವರು ಅದೇ ಅಗಸೆಯ ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಅವರ ಉಪವಾಸದ ತಟ್ಟೆಗೆ ಬೇಕಾದ ಸಾಮಾನಿನ ಅರ್ಧ ಭಾಗ ನಮ್ಮ ಹೊಲದಲ್ಲೇ ಇದೆ, ಅಥವಾ ನಮ್ಮ ಅಜ್ಜಿಯರ ಹೊಲದಲ್ಲಿ ಇತ್ತು. ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು ಹಾಕುವುದನ್ನು ಎಷ್ಟು ಮನೆಗಳಲ್ಲಿ ಬಿಟ್ಟಿದ್ದೇವೆ ಅಂತ ಲೆಕ್ಕ ಹಾಕಿ ನೋಡಿ.

ಅರ್ಧ ವರ್ಷ ಹೀಗೆ ತಿನ್ನಬೇಕಾದ ಜನ ಕಾಳು, ಬೇಳೆ, ಎಣ್ಣೆಬೀಜ, ಸೊಪ್ಪು ಇವುಗಳ ಸುತ್ತ ಒಂದು ಪೂರ್ತಿ ಅಡುಗೆಯನ್ನೇ ಕಟ್ಟಿಕೊಂಡರು. ಅವರ ಉಪವಾಸದಲ್ಲಿ ಬಿಡುವುದರ ಪಟ್ಟಿ ಎಷ್ಟು ಉದ್ದವೋ ಬಡಿಸುವುದರ ಪಟ್ಟಿಯೂ ಅಷ್ಟೇ ಉದ್ದ.

ಆದರೆ ಎಲ್ಲವೂ ಚೆನ್ನಾಗಿದೆ ಅಂತಲೂ ಹೇಳುವ ಹಾಗಿಲ್ಲ. ಅದೇ ದೇಶದ ಟಿಗ್ರಾಯ್ ಪ್ರಾಂತ್ಯದಲ್ಲಿ ಹಾಲೂಡಿಸುವ ತಾಯಂದಿರ ಬಗ್ಗೆ ನಡೆದ ಅಧ್ಯಯನದಲ್ಲಿ, ಉಪವಾಸದ ಕಾಲದಲ್ಲಿ ಅವರು ತಿನ್ನುವ ಪ್ರಮಾಣವೂ ದೇಹದ ತೂಕವೂ ಇಳಿಯುತ್ತದೆ ಅಂತ ಕಂಡುಬಂತು. ಧರ್ಮಸಭೆ ಇವರಿಗೆ ವಿನಾಯಿತಿ ಕೊಟ್ಟಿದೆ. ಆದರೂ ತಾಯಂದಿರು ತಾವಾಗಿಯೇ ಬಿಡುವುದಿಲ್ಲ. ಮನೆಯಲ್ಲಿ ಉಳಿದವರೆಲ್ಲ ಉಪವಾಸ ಇರುವಾಗ ತನಗೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಳ್ಳುವ ಹೆಂಗಸು ಎಲ್ಲಿದ್ದಾಳೆ ಹೇಳಿ? ಅಲ್ಲಿಗೂ ಇಲ್ಲಿಗೂ ಇದರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು ಕಡೆ, ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಉಪವಾಸ ಪಾಲಿಸುವವರನ್ನು ಪರೀಕ್ಷಿಸಿದಾಗ ರಕ್ತದ ಕೊಲೆಸ್ಟ್ರಾಲ್ ಇಳಿದದ್ದು ಕಂಡಿತು, ಜೊತೆಗೆ ಹಾಲು ಬಿಟ್ಟಿದ್ದರಿಂದ ಸುಣ್ಣದಂಶ ಕಡಿಮೆ ಸಿಕ್ಕಿದ್ದೂ ಕಂಡಿತು. ಚೆನ್ನಾಗಿ ಉಂಡು ಬೆಳೆದ ದೇಹಕ್ಕೆ ಒಂದು ಫಲ, ಮೊದಲೇ ಸೊರಗಿದ ದೇಹಕ್ಕೆ ಇನ್ನೊಂದು ಫಲ.

ನಮ್ಮ ಸುತ್ತಮುತ್ತ

ಇಥಿಯೋಪಿಯದಷ್ಟು ದೂರ ಹೋಗದೆ ಪಕ್ಕದಲ್ಲೇ ನೋಡಬಹುದು. ಕೇರಳದ ಸುರಿಯಾನಿ ಕ್ರೈಸ್ತರು ಈಸ್ಟರಿಗೆ ಮೊದಲು ಐವತ್ತು ದಿನದ, ಕ್ರಿಸ್ಮಸ್ಸಿಗೆ ಮೊದಲು ಇಪ್ಪತ್ತೈದು ದಿನದ ನೋಯಂಬು ಹಿಡಿಯುತ್ತಾರೆ. ಸೆಪ್ಟೆಂಬರ್ 1ರಿಂದ 8ರ ತನಕ ಎಂಟು ದಿನದ ನೋಯಂಬು ಹೆಂಗಸರಿಗೆ ಬಹಳ ಮೆಚ್ಚಿನದು. ಹಳೆಯ ಪದ್ಧತಿಯವರು ಮಾಂಸ, ಮೀನು, ಮೊಟ್ಟೆ, ಹಾಲು ನಾಲ್ಕನ್ನೂ ಬಿಡುತ್ತಾರೆ. ತೆಂಗಿನಕಾಯಿ, ಹೆಸರುಕಾಳು, ಕಡಲೆ, ಮರಗೆಣಸು, ಹಲಸಿನಕಾಯಿ ಇರುವ ನಾಡಿನಲ್ಲಿ ಅವರಿಗೆ ಅಡುಗೆಗೆ ಕೊರತೆ ಬಂದಿಲ್ಲ. ಬೆಳ್ತಂಗಡಿ, ನರಸಿಂಹರಾಜಪುರದ ಕಡೆ ಬಂದು ನೆಲೆಸಿದ ಕುಟುಂಬಗಳ ಜೊತೆ ಆ ಪದ್ಧತಿ ನಮ್ಮ ರಾಜ್ಯಕ್ಕೂ ಬಂದಿದೆ.

ಅದೇ ಸೆಪ್ಟೆಂಬರ್ 8ರಂದು ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕಥೋಲಿಕರಿಗೆ ಮೊಂತಿ ಹಬ್ಬ. ಮಾತೆ ಮರಿಯಮ್ಮನವರ ಜನನದ ಹಬ್ಬ, ತೆನೆಹಬ್ಬವೂ ಹೌದು. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸುತ್ತಾರೆ, ಹೊಸ ಭತ್ತದ ಕಾಳನ್ನು ಹಾಲು ಅಥವಾ ತೆಂಗಿನ ಹಾಲಿಗೆ ಸೇರಿಸಿ ಮನೆಮಂದಿಗೆಲ್ಲ ಹಂಚುತ್ತಾರೆ. ಅಂದಿನ ಊಟದಲ್ಲಿ ಮಾಂಸ ಮೀನು ಇಲ್ಲ. ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ ತರಕಾರಿ ಪದಾರ್ಥ, ಬಾಳೆಎಲೆಯಲ್ಲಿ. ಇದು ದುಃಖದ ದಿನವಲ್ಲ, ಹಬ್ಬದ ದಿನ! ಸೊಪ್ಪು ತರಕಾರಿ ಅಂದರೆ ಶಿಕ್ಷೆ ಅಂತ ಮುಖ ಸಿಂಡರಿಸುವ ನಮ್ಮ ಮಕ್ಕಳಿಗೆ ಈ ಹಬ್ಬದ ವಿಷಯ ಹೇಳಬೇಕು.

ಇತರ ಧರ್ಮದವರ ಮನೆಗಳಲ್ಲೂ ಕಲಿಯುವಂಥದ್ದು ಇದೆ, ಎಚ್ಚರಿಸುವಂಥದ್ದೂ ಇದೆ. ಶ್ರಾವಣದಲ್ಲಿ, ಅಯ್ಯಪ್ಪ ಮಾಲೆ ಹಾಕಿದ 41 ದಿನ, ಮಾಂಸ ತಿನ್ನುವ ಎಷ್ಟೋ ಮನೆಗಳು ಅದನ್ನು ಬಿಟ್ಟು ಕಾಳು ಸೊಪ್ಪಿನ ಅಡುಗೆ ಮಾಡುತ್ತವೆ. ಅದು ಒಳ್ಳೆಯದು. ಆದರೆ ಒಂದು ದಿನದ ಉಪವಾಸದ ಫಲಾಹಾರ ಅಂತ ಸಬ್ಬಕ್ಕಿ, ಆಲೂಗಡ್ಡೆ, ಚಿಪ್ಸು, ಸಕ್ಕರೆ ಹಾಕಿದ ಟೀ ಮೇಲೆ ಟೀ ಇವಿಷ್ಟರಲ್ಲೇ ದಿನ ಕಳೆಯುವುದೂ ಇದೆ. ಸಬ್ಬಕ್ಕಿ ಮರಗೆಣಸಿನ ಪಿಷ್ಟ. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಪ್ರೋಟೀನು 100 ಗ್ರಾಮಿಗೆ ಒಂದು ಗ್ರಾಮೂ ಇಲ್ಲ. ಅದಕ್ಕೆ ಶೇಂಗಾ ಪುಡಿ ಸೇರಿಸುವ ಉತ್ತರ ಕರ್ನಾಟಕದವರು ಜಾಣರು.

ಬಿಟ್ಟ ಜಾಗಕ್ಕೆ

ಮಾಂಸ, ಮೊಟ್ಟೆ, ಮೀನು ನಮಗೆ ಕೊಡುತ್ತಿದ್ದದ್ದು ಮುಖ್ಯವಾಗಿ ಪ್ರೋಟೀನು, ಕಬ್ಬಿಣಾಂಶ ಮತ್ತು ಬಿ12 ಜೀವಸತ್ವ. ಹಾಲನ್ನೂ ಬಿಟ್ಟರೆ ಸುಣ್ಣದಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರೋಟೀನಿಗೆ ಭಯ ಬೇಡ. ತೊಗರಿ, ಹೆಸರು, ಹುರುಳಿ, ಅಲಸಂದೆ, ಕಡಲೆ ಇವುಗಳಲ್ಲಿ 100 ಗ್ರಾಮಿಗೆ ಸುಮಾರು 20ರಿಂದ 24 ಗ್ರಾಂ ಪ್ರೋಟೀನು ಇದೆ. ಕಡಲೆಕಾಯಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿಯಲ್ಲಿ ಏಳೆಂಟು ಗ್ರಾಂ. ಅಕ್ಕಿ, ರಾಗಿ, ಗೋಧಿಯ ಪ್ರೋಟೀನಿನಲ್ಲಿ ಒಂದು ಅಂಶ ಕಡಿಮೆ, ಕಾಳಿನ ಪ್ರೋಟೀನಿನಲ್ಲಿ ಬೇರೊಂದು ಅಂಶ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿಸಾರು, ಅನ್ನಕ್ಕೆ ಬೇಳೆ, ರೊಟ್ಟಿಗೆ ಕಾಳುಪಲ್ಯ ಅಂತ ಹಿರಿಯರು ಮಾಡಿದ ಜೋಡಿ ಪುಸ್ತಕ ಓದಿ ಮಾಡಿದ್ದಲ್ಲ, ಆದರೂ ಸರಿಯಾಗೇ ಇದೆ. ತೊಂದರೆ ಇರುವುದು ಪ್ರಮಾಣದಲ್ಲಿ. ಆರು ಜನರ ಮನೆಗೆ ಒಂದು ಹಿಡಿ ಬೇಳೆ ಹಾಕಿದ ಸಾರಿನಲ್ಲಿ ಪ್ರೋಟೀನು ಹುಡುಕಿದರೆ ಸಿಗುವುದಿಲ್ಲ. ಸೌಟು ಹಾಕಿದರೆ ಕಾಳು ಬರಬೇಕು.

ಸುಣ್ಣದಂಶಕ್ಕೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಸುಮಾರು 120. ಹಾಲಿನದು ದೇಹಕ್ಕೆ ಸುಲಭವಾಗಿ ಹತ್ತುತ್ತದೆ ಅನ್ನೋದು ನಿಜ. ಆದರೂ ಎರಡು ಹೊತ್ತು ರಾಗಿ ತಿನ್ನುವವರಿಗೆ ನಲವತ್ತು ದಿನ ಹಾಲಿಲ್ಲದಿದ್ದರೆ ಅಂಥ ಚಿಂತೆ ಇಲ್ಲ. ಎಳ್ಳು, ನುಗ್ಗೆಸೊಪ್ಪು ಸೇರಿಸಿದರೆ ಇನ್ನೂ ಒಳ್ಳೆಯದು.

ಕಬ್ಬಿಣಾಂಶದ ವಿಷಯದಲ್ಲಿ ಹುಷಾರಾಗಿರಬೇಕು. ಸೊಪ್ಪು, ಕಾಳಿನಲ್ಲಿ ಕಬ್ಬಿಣ ಇದ್ದರೂ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ರಕ್ತಕ್ಕೆ ಸೇರುವುದಿಲ್ಲ. ಊಟದ ಜೊತೆ ಹುಳಿ ಇರಲಿ. ನಿಂಬೆಹಣ್ಣು, ನೆಲ್ಲಿಕಾಯಿ, ಟೊಮೆಟೊ, ಸೀಬೆಹಣ್ಣು ಯಾವುದಾದರೂ ಆಗುತ್ತದೆ. ಇವುಗಳ ಸಿ ಜೀವಸತ್ವ ಕಬ್ಬಿಣವನ್ನು ಎಳೆದುಕೊಳ್ಳಲು ನೆರವಾಗುತ್ತದೆ. ಕಾಳನ್ನು ಮೊಳಕೆ ಕಟ್ಟಿಸಿದರೆ, ಹಿಟ್ಟನ್ನು ಹುಳಿ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಅಂಶ ಕಡಿಮೆಯಾಗುತ್ತದೆ. ಇಂಜೆರ ಮಾಡುವವರೂ ದೋಸೆ ಮಾಡುವವರೂ ಇದನ್ನು ತಿಳಿಯದೆಯೇ ಮಾಡುತ್ತಾ ಬಂದಿದ್ದಾರೆ. ಊಟ ಮುಗಿದ ಕೂಡಲೇ ಕಾಫಿ ಟೀ ಕುಡಿಯುವ ಅಭ್ಯಾಸ ಇದಕ್ಕೆ ವಿರುದ್ಧ. ಒಂದು ಗಂಟೆಯಾದರೂ ತಡೆಯಿರಿ. ಹಾಗೆ ನೋಡಿದರೆ ತಪಸ್ಸುಕಾಲದಲ್ಲಿ ಕಾಫಿ ಬಿಡುವವರು ತಮಗೇ ಗೊತ್ತಿಲ್ಲದೆ ರಕ್ತಕ್ಕೆ ಉಪಕಾರ ಮಾಡುತ್ತಿದ್ದಾರೆ.

ಬಿ12 ಸಸ್ಯಮೂಲದ ಆಹಾರದಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ ತಿನ್ನುತ್ತಿದ್ದವರು ಆರೇಳು ವಾರ ಬಿಟ್ಟರೆ ದೇಹದಲ್ಲಿ ಸಂಗ್ರಹ ಇರುತ್ತದೆ. ವರ್ಷಗಟ್ಟಲೆ ಪೂರ್ತಿ ಬಿಡುವವರು ಮಾತ್ರ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು.

ತಪಸ್ಸುಕಾಲಕ್ಕೆ ನಮ್ಮ ಕಡೆಯ ಒಂದು ಊಟ ಹೇಳಿ ಅಂದರೆ ನಾವು ಬಸ್ಸಾರು ಅಂತ ಹೇಳುತ್ತೇವೆ. ಅಲಸಂದೆಯೋ ಹೆಸರುಕಾಳೋ ಒಂದು ಪಾವು, ಒಂದು ಕಟ್ಟು ದಂಟಿನ ಸೊಪ್ಪು ಅಥವಾ ಬೆರಕೆ ಸೊಪ್ಪು ಬೇಯಿಸಿ ಬಸಿಯುವುದು. ಬಸಿದ ಕಟ್ಟಿಗೆ ಸ್ವಲ್ಪ ಬೆಂದ ಕಾಳು ಸೊಪ್ಪು, ಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ಹುಣಸೆ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಪಲ್ಯದ ಮೇಲೆ ಒಂದು ಚಮಚ ಹುಚ್ಚೆಳ್ಳು ಪುಡಿ, ಪಕ್ಕದಲ್ಲಿ ರಾಗಿಮುದ್ದೆ. ನೀರೂ ಚೆಲ್ಲಲಿಲ್ಲ, ಹಾಲು ತುಪ್ಪವೂ ಬೇಕಾಗಲಿಲ್ಲ. ಇಥಿಯೋಪಿಯದ ಒಬ್ಬ ತಾಯಿ ನಮ್ಮ ಮನೆಗೆ ಬಂದು ಕೂತರೆ ಈ ತಟ್ಟೆ ಅವರಿಗೆ ಹೊಸದು ಅನಿಸಲಾರದು.

ಮನೆಯಲ್ಲಿ ಉಪವಾಸ ಯಾರ ಪಾಲಿಗೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಭಾರತದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಜನರಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇಕಡಾ 47.8. ಅಂದರೆ ಇಪ್ಪತ್ತು ಜನರ ಒಂದು ಸಂಘದಲ್ಲಿ ಒಂಬತ್ತು ಹತ್ತು ಮಂದಿ. ಇವರಲ್ಲಿ ಬಹಳ ಮಂದಿ ಗಂಡನಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಬಡಿಸಿ ಉಳಿದದ್ದನ್ನು ತಿನ್ನುವವರು. ವ್ರತ ನೇಮ ಹೆಚ್ಚು ಹಿಡಿಯುವವರೂ ಇವರೇ. ಗಂಡನ ಆಯಸ್ಸಿಗೆ, ಮಗನ ಪರೀಕ್ಷೆಗೆ, ಮಗಳ ಮದುವೆಗೆ, ಸಾಲ ತೀರಲಿ ಅಂತ. ಮನೆಯಲ್ಲಿ ಗಂಡ "ನನಗೆ ಆಗಲ್ಲ ಕಣೇ" ಅಂದರೆ ಅವನಿಗೆ ಕೋಳಿಸಾರು ಬೇರೆ ಮಾಡಿ, ತಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಎದ್ದುಹೋಗುವುದನ್ನು ಮನೆಭೇಟಿಗೆ ಹೋದಾಗ ನಾವು ಕಾಣುತ್ತಲೇ ಇರುತ್ತೇವೆ. ಇಂಥ ಮನೆಯಲ್ಲಿ ಉಪವಾಸ ಆ ತಾಯಿಗೆ ಹೊಸದಲ್ಲ, ವರ್ಷವಿಡೀ ಇದ್ದದ್ದೇ.

ಆದ್ದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ಉಪವಾಸ ಹಿಡಿಯುವುದಿದ್ದರೆ ಮನೆಮಂದಿ ಒಟ್ಟಿಗೆ ಹಿಡಿಯಲಿ, ಒಂದೇ ಪಾತ್ರೆಯ ಅಡುಗೆ ಉಣ್ಣಲಿ, ತಾಯಿಯೂ ಜೊತೆಗೆ ಕೂತು ಉಣ್ಣಲಿ.

ಗರ್ಭಿಣಿಯರು, ಹಾಲೂಡಿಸುವವರು, ರಕ್ತಹೀನತೆ ಇರುವವರು, ಕ್ಷಯರೋಗದ ಮಾತ್ರೆ ನುಂಗುತ್ತಿರುವವರು, ಕಾಯಿಲೆಯ ವೃದ್ಧರು ಹೊತ್ತು ಬಿಡುವ ಉಪವಾಸ ಮಾಡಬಾರದು. ಇದು ಧರ್ಮಕ್ಕೆ ವಿರುದ್ಧ ಅಂತ ಹೆದರಬೇಡಿ. ನಮ್ಮ ಧರ್ಮಸಭೆಯ ಉಪವಾಸದ ನಿಯಮ ರೋಗಿಗಳನ್ನೂ ಬಸುರಿ ಬಾಣಂತಿಯರನ್ನೂ ಕಟ್ಟಿಹಾಕುವುದಿಲ್ಲ. ಇಸ್ಲಾಮಿನಲ್ಲೂ ರೋಗಿಗಳು, ಗರ್ಭಿಣಿಯರು ಬಿಟ್ಟು ಮುಂದೆ ಹಿಡಿಯಲು, ಅದೂ ಸಾಧ್ಯವಿಲ್ಲದ ರೋಗಿಗಳು ಬಡವರಿಗೆ ಊಟ ಕೊಡಲು ಅವಕಾಶ ಇದೆ. ಮನಸ್ಸು ಕೇಳದಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಗರ್ಭಿಣಿಯರಿಗೆ ಸರಕಾರದಿಂದ 180 ದಿನ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಯಾವ ಉಪವಾಸಕ್ಕೂ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆಯವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಥಟ್ಟನೆ ಇಳಿಯುತ್ತದೆ. ಮೈ ಬೆವರುವುದು, ಕೈ ನಡುಗುವುದು, ಮಾತು ತೊದಲುವುದು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವ್ರತ ಶುರು ಮಾಡುವ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿ. ಇಂಥವರು ಊಟದ ಹೊತ್ತು ಬಿಡದೆ, ಮಾಂಸ ಮಾತ್ರ ಬಿಟ್ಟು ಕಾಳು ಸೊಪ್ಪು ತಿಂದರೆ ಸಾಕು.

ಉಳಿದ ಹಣದ ವಿಷಯ ಒಂದು ಮಾತು. ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ಹಸಿದವರೊಡನೆ ಆಹಾರ ಹಂಚಿಕೊಳ್ಳುವುದನ್ನೇ ದೇವರು ಮೆಚ್ಚುವ ಉಪವಾಸ ಅಂತ ಹೇಳಿದೆ. ಮಾಂಸಕ್ಕೆ ಹೋಗುತ್ತಿದ್ದ ಹಣದಲ್ಲಿ ಮೊದಲು ಮನೆಗೆ ಬೇಕಾದಷ್ಟು ಬೇಳೆ ಕಾಳು ತನ್ನಿ, ಮಿಕ್ಕಿದ್ದನ್ನು ತಪಸ್ಸುಕಾಲದ ಪೆಟ್ಟಿಗೆಗೆ ಹಾಕಿ. ಮಕ್ಕಳ ತಟ್ಟೆಯ ಮೊಟ್ಟೆಯನ್ನು ಕಡಿಮೆ ಮಾಡಿ ಪೆಟ್ಟಿಗೆ ತುಂಬಿಸಬೇಡಿ. 14 ವರ್ಷದ ಒಳಗಿನವರಿಗೆ ಮಾಂಸ ವರ್ಜನೆಯ ನಿಯಮವೇ ಇಲ್ಲ ಅನ್ನೋದನ್ನು ಮೇಲೆ ನೋಡಿದ್ದೇವೆ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದಲ್ಲಿ ಯಾವ ಯಾವ ಉಪವಾಸ ವ್ರತ ಹಿಡಿಯುವವರು ಇದ್ದಾರೆ? ಆ ದಿನ ಬೆಳಗಿನಿಂದ ರಾತ್ರಿಯ ತನಕ ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಅಂತ ಒಬ್ಬೊಬ್ಬರೇ ಹೇಳಲಿ. ಯಾರೂ ನಗಬಾರದು.

ಕಳೆದ ಆರು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡವರು ಎಷ್ಟು ಜನ? ಮಾಡಿಸದವರು ಉಪವಾಸ ಶುರುವಾಗುವ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಯಾವ ದಿನ ಹೋಗುತ್ತಾರೆ ಅಂತ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಗೂ ತಿಳಿಸಿ.

ಹುಚ್ಚೆಳ್ಳು ಬಿತ್ತನೆ ಬೀಜ ಯಾರ ಮನೆಯಲ್ಲಿ ಇದೆ? ಇದ್ದವರು ಮುಂದಿನ ಸಭೆಗೆ ಒಂದು ಪಾವು ತನ್ನಿ, ರಾಗಿ ಬಿತ್ತನೆಗೆ ಮೊದಲು ಹಂಚಿಕೊಳ್ಳೋಣ.